ಹಳೆಯ ಕ್ಯಾಮೆರಾ: ‘ಕ್ಲಿಕ್’ ಅಂದ ಮಾತ್ರಕ್ಕೆ ಶಟರ್ ಸರಿ ಇದೆ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹುಡುಗ ಹುಡುಗಿಯರು ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿಯುತ್ತಿರುವ ಬಗ್ಗೆ ಲೇಖನ ಬಂದಿತ್ತು. ಎರಡು ಸಲ ಓದಿದೆ. ತುಂಬಾ ಖುಷಿಯಾಯಿತು. ಆದರೆ ಅದರಲ್ಲಿದ್ದ ಒಂದು ಸಲಹೆ ಮನಸ್ಸಿನಲ್ಲೇ ಉಳಿದುಬಿಟ್ಟಿತು. ಹಳೆಯ ಕ್ಯಾಮೆರಾ ಕೊಳ್ಳುವಾಗ ಬಟನ್ ಒತ್ತಿ ನೋಡಿ, ಕ್ಲಿಕ್ ಎಂದು ಸದ್ದು ಬಂದರೆ ಶಟರ್ (ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಭಾಗ) ಚೆನ್ನಾಗಿದೆ ಎಂದು ಅದರಲ್ಲಿ ಬರೆದಿದ್ದರು. ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಇದೇ ಮಾತನ್ನು ನಂಬಿ ನನ್ನ ಅಣ್ಣನ ಮಗಳು ಏನು ಕಳೆದುಕೊಂಡಳು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಅವಳು ತನ್ನ ಉಳಿತಾಯದ ದುಡ್ಡಿನಲ್ಲಿ ಒಂದು ಹಳೆಯ ಎಸ್‌ಎಲ್‌ಆರ್ (ಲೆನ್ಸಿನ ಹಿಂದೆ ಕನ್ನಡಿ ಇರುವ ಕ್ಯಾಮೆರಾ) ಕೊಂಡಳು. ಬಟ್ಟೆ ಪರದೆಯ ಶಟರ್ ಇರುವ, 40 ವರ್ಷಕ್ಕೂ ಹಳೆಯದಾದ ಕ್ಯಾಮೆರಾ. ಯಾವ ಕಂಪನಿ, ಯಾವ ಮಾಡೆಲ್ ಎಂಬುದು ಇಲ್ಲಿ ಬೇಡ. ಅಷ್ಟು ವರ್ಷ ದುಡಿದ ಯಂತ್ರದ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಮಾರಿದವರು ಅವಳ ಕಿವಿಯ ಹತ್ತಿರ ಹಿಡಿದು ನಾಲ್ಕು ಸಲ ಕ್ಲಿಕ್ ಮಾಡಿ ತೋರಿಸಿದರಂತೆ. ಸದ್ದು ಗಟ್ಟಿಯಾಗಿ, ಚೆನ್ನಾಗಿ ಬಂತಂತೆ. ಅವಳು ಅದನ್ನು ಹಿಡಿದುಕೊಂಡು ಕಾಲೇಜಿನ ಕೊನೆಯ ದಿನ ಗೆಳತಿಯರ ಫೋಟೊ ತೆಗೆದಳು. ಮಟಮಟ ಮಧ್ಯಾಹ್ನ, ಬಯಲಿನಲ್ಲಿ. 36ರ ರೋಲ್. ಡೆವಲಪ್ ಆಗಿ ಬಂದಾಗ 21 ಚಿತ್ರಗಳಲ್ಲಿ ಒಂದು ಪಕ್ಕ ಕಪ್ಪು. ಸಾಲಾಗಿ ನಿಂತ ಏಳು ಜನರಲ್ಲಿ ಕೊನೆಯ ಇಬ್ಬರು ಯಾವ ಚಿತ್ರದಲ್ಲೂ ಇಲ್ಲ. ಆ ಇಬ್ಬರು ಈಗ ಬೇರೆ ಬೇರೆ ದೇಶದಲ್ಲಿದ್ದಾರೆ.

“ಅತ್ತೆ, ಸೌಂಡ್ ಸರಿಯಾಗೇ ಇತ್ತಲ್ಲಾ?” ಎಂದು ನೆಗೆಟಿವ್ ಹಿಡಿದುಕೊಂಡು ನನ್ನ ಮುಂದೆ ಕೂತಳು. “ನಾನೇ ಏನೋ ತಪ್ಪು ಮಾಡಿದೆ ಅನ್ಸುತ್ತೆ.”

ಅವಳದ್ದೇನೂ ತಪ್ಪಿರಲಿಲ್ಲ. ಅದನ್ನು ಅವಳಿಗೆ ಮೊದಲು ಹೇಳಿದೆ.

ನಾನು ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಈಗ ನಿವೃತ್ತಿಯಾಗಿದೆ. ಕ್ಯಾಮೆರಾದ ಹುಚ್ಚು ಹಿಡಿಸಿದವನು ನನ್ನ ಅಣ್ಣ. ಅವನು ಬಿಡುವಿನ ವೇಳೆಯಲ್ಲಿ ಗೆಳೆಯರ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ. ಸ್ಕ್ರೂ ಹಿಡಿದುಕೊಡುವುದು, ಟಾರ್ಚ್ ಬಿಡುವುದು ನನ್ನ ಕೆಲಸ. ಈಗ ಅವನ ಕೈ ನಡುಗುತ್ತದೆ, ಸ್ಕ್ರೂಡ್ರೈವರ್ ಹಿಡಿಯಲಾಗುವುದಿಲ್ಲ. ಮಗಳ ಕ್ಯಾಮೆರಾ ನನ್ನ ಮೇಜಿಗೆ ಬಂದದ್ದು ಹಾಗೆ.

ಮೊದಲು ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ನೋಡಿದೆ. ಕೋಣೆಯೊಳಗೆ 1/60ರಲ್ಲಿ, ಅಂದರೆ ಸೆಕೆಂಡಿನ ಅರವತ್ತರ ಒಂದು ಭಾಗ ಶಟರ್ ತೆರೆದು ತೆಗೆದ ಚಿತ್ರಗಳು ಪೂರ್ತಿ ಚೆನ್ನಾಗಿದ್ದವು. ಬಿಸಿಲಿನಲ್ಲಿ 1/500, 1/1000ದಲ್ಲಿ ತೆಗೆದವು ಮಾತ್ರ ಹಾಳಾಗಿದ್ದವು. 1/500ರಲ್ಲಿ ಆ ಪಕ್ಕ ಬರೀ ಮಂಕು. 1/1000ದಲ್ಲಿ ಪೂರ್ತಿ ಕಪ್ಪು (ನೆಗೆಟಿವ್‌ನಲ್ಲಿ ಆ ಜಾಗ ಪಾರದರ್ಶಕ). ಫ್ಲ್ಯಾಶ್ ಬಳಸಿರಲಿಲ್ಲ. ಇಷ್ಟು ಗೊತ್ತಾದರೆ ಸಾಕು, ರೋಗ ಏನೆಂದು ಹೇಳಬಹುದು.

ಇಂಥ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ಎರಡು ಪರದೆಗಳಿರುತ್ತವೆ. ಬಟನ್ ಒತ್ತಿದಾಗ ಮೊದಲ ಪರದೆ ಸರಿದು ಬೆಳಕು ಬಿಡುತ್ತದೆ. ಎರಡನೆಯದು ಅದರ ಹಿಂದೆಯೇ ಓಡಿಬಂದು ಮುಚ್ಚುತ್ತದೆ. ನಿಧಾನ ಸ್ಪೀಡಿನಲ್ಲಿ ಮೊದಲನೆಯದು ಪೂರ್ತಿ ದಾಟಿದ ಮೇಲೆ ಎರಡನೆಯದು ಹೊರಡುತ್ತದೆ. ಒಂದು ಕ್ಷಣ ಇಡೀ ಚೌಕಟ್ಟು ತೆರೆದಿರುತ್ತದೆ. 1/1000ದಲ್ಲಿ ಹಾಗಲ್ಲ. ಮೊದಲನೆಯದು ಸ್ವಲ್ಪ ದೂರ ಹೋಗುವಷ್ಟರಲ್ಲೇ ಎರಡನೆಯದು ಹೊರಟಿರುತ್ತದೆ. ಎರಡರ ನಡುವೆ ಸುಮಾರು 3 ಮಿಲಿಮೀಟರ್ ಸಂದು. ಆ ಸಂದು 36 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಈಗ ಮೊದಲ ಪರದೆಯ ಉರುಳೆಯಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿದೆ ಎಂದುಕೊಳ್ಳಿ. ಅದು ಸ್ವಲ್ಪ ನಿಧಾನವಾಗಿ ಓಡುತ್ತದೆ. ಎರಡನೆಯದು ಎಂದಿನ ವೇಗದಲ್ಲಿ ಬರುತ್ತದೆ. ಸಂದು ಕಿರಿದಾಗುತ್ತಾ ಹೋಗಿ, ಕೊನೆಗೆ ಒಂದು ಇನ್ನೊಂದನ್ನು ಹಿಡಿದುಬಿಡುತ್ತದೆ. ಅಲ್ಲಿಂದ ಮುಂದೆ ಫಿಲ್ಮಿಗೆ ಬೆಳಕೇ ಇಲ್ಲ.

ಸದ್ದು? ಸದ್ದಿನಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮ್ಮ ಕಿವಿಗೆ ಕೇಳುವುದರಲ್ಲಿ ಬಹುಪಾಲು ಕನ್ನಡಿ ಮೇಲೆದ್ದು ಬೀಳುವ ಸದ್ದು. ಸಾವಿರದ ಒಂದು ಭಾಗವೋ, ಐನೂರರ ಒಂದು ಭಾಗವೋ ಎಂದು ಯಾವ ಕಿವಿಯೂ ಹೇಳಲಾರದು.

ನನ್ನ ಹತ್ತಿರ ಪ್ರಯೋಗಾಲಯದ ಕಾಲದ ಒಂದು ಪುಟ್ಟ ಸಾಧನ ಇದೆ. ಬೆಳಕು ಬಿದ್ದರೆ ವಿದ್ಯುತ್ ಹರಿಸುವ ಒಂದು ಫೋಟೊಡಯೋಡ್ ಅನ್ನು ಆಡಿಯೊ ವೈರಿಗೆ ಬೆಸುಗೆ ಹಾಕಿಕೊಂಡದ್ದು, ಅಷ್ಟೇ. ಕಂಪ್ಯೂಟರಿನಲ್ಲಿ ಅದನ್ನು ಸದ್ದಿನ ಹಾಗೆ ರೆಕಾರ್ಡ್ ಮಾಡಬಹುದು. ಸೆಕೆಂಡಿಗೆ 44,100 ಬಿಂದುಗಳು ಸಿಗುತ್ತವೆ. 1/1000 ಅಂದರೆ 44 ಬಿಂದು, ಎಣಿಸಬಹುದು. ಅದನ್ನು ಫಿಲ್ಮಿನ ಜಾಗದಲ್ಲಿ ಮೂರು ಕಡೆ ಇಟ್ಟು ಅಳೆದೆ. ಡಯಲ್ 1/1000ದಲ್ಲಿದ್ದಾಗ ಪರದೆ ಹೊರಡುವ ಕಡೆ 1/900 ಬಂತು. ನಡುವೆ 1/1800. ಕೊನೆಯಲ್ಲಿ ಏನೂ ಬರಲಿಲ್ಲ. 1/500ಕ್ಕೆ ಇಟ್ಟಾಗ ಕೊನೆಯ ತುದಿಯಲ್ಲಿ 1/1100. ಅಂದರೆ ಸಿಗಬೇಕಾದ ಬೆಳಕಿನ ಅರ್ಧಕ್ಕಿಂತ ಕಡಿಮೆ. ಮಗು ಈ ಅಳತೆ ಬರೆದ ಕಾಗದ ನೋಡಿ ಸುಮ್ಮನೆ ಕೂತಳು. ಆಮೇಲೆ ಕೇಳಿದಳು, “ಇದನ್ನ ತಗೊಳ್ಳುವಾಗಲೇ ನೋಡ್ಬಹುದಿತ್ತಾ?”

ನೋಡಬಹುದಿತ್ತು. ಯಾವ ಸಾಧನವೂ ಇಲ್ಲದೆ, ಐದು ನಿಮಿಷದಲ್ಲಿ. ಅದನ್ನು ನಿಮ್ಮ ಓದುಗರಿಗೂ ಹೇಳಬೇಕು ಎಂಬುದೇ ನನ್ನ ಆಸೆ.

ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲವೆಂದು ಖಚಿತ ಮಾಡಿಕೊಂಡು ಹಿಂಬದಿಯ ಬಾಗಿಲು ತೆರೆಯಿರಿ. ಲೆನ್ಸ್ ಬಿಚ್ಚುವಂತಿದ್ದರೆ ಬಿಚ್ಚಿ. ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆಯಿರಿ. ಹಗಲು ಬೆಳಕಿನ ಆಕಾಶದ ಕಡೆ, ಅಥವಾ ಬಿಸಿಲು ಬಿದ್ದ ಬಿಳಿ ಗೋಡೆಯ ಕಡೆ ಹಿಡಿಯಿರಿ. ಸೂರ್ಯನ ಕಡೆ ಬೇಡ. ಎಲ್‌ಇಡಿ ದೀಪವೂ ಬೇಡ. ಎಷ್ಟೋ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತಿರುತ್ತವೆ, ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಈಗ ಅತಿ ವೇಗದ ಸ್ಪೀಡಿಗೆ ಇಟ್ಟು ಹಿಂದಿನಿಂದ ನೋಡುತ್ತಾ ಬಟನ್ ಒತ್ತಿ. ಇಡೀ ಚೌಕ ಒಮ್ಮೆ ಮಿಂಚಿದಂತೆ ಕಾಣಬೇಕು. ಈ ತುದಿಯಿಂದ ಆ ತುದಿವರೆಗೆ. ಒಂದು ಪಕ್ಕ ಕಪ್ಪಾಗಿಯೇ ಉಳಿದರೆ ಅದೇ ರೋಗ. ಒಂದೇ ಸಲಕ್ಕೆ ಕಣ್ಣಿಗೆ ಸಿಗುವುದಿಲ್ಲ. ಹತ್ತು ಸಲ ಮಾಡಿ. ಒಮ್ಮೆ ಎಡ ತುದಿಯನ್ನೇ ನೋಡಿ, ಒಮ್ಮೆ ಬಲ ತುದಿಯನ್ನೇ ನೋಡಿ. ಆಮೇಲೆ ಒಂದೊಂದೇ ಸ್ಪೀಡ್ ಕೆಳಗೆ ಇಳಿಸುತ್ತಾ ಬನ್ನಿ.

ಲೋಹದ ಹಲಗೆಗಳ ಶಟರ್ ಆದರೆ ಅದು ಪಕ್ಕಕ್ಕೆ ಓಡುವ ಬದಲು ಮೇಲೆ ಕೆಳಗೆ ಓಡುತ್ತದೆ. ಆಗ ಕಪ್ಪು ಪಟ್ಟಿ ಮೇಲೋ ಕೆಳಗೋ ಬರುತ್ತದೆ. ಬಟ್ಟೆ ಪರದೆಯ ಕ್ಯಾಮೆರಾದಲ್ಲಿ ಉದ್ದನೆಯ ಅಂಚಿನ ಪಕ್ಕ ಕಪ್ಪು ಬಂದರೆ ಬೇರೆ ಕಾರಣ ಹುಡುಕಿ. ಕನ್ನಡಿ ತಡವಾಗಿ ಮೇಲೇಳುತ್ತಿರಬಹುದು. ಪರದೆ ಸರಿ ಇದ್ದರೂ ಕನ್ನಡಿಯ ನೆರಳು ಬೀಳುತ್ತದೆ.

ಕಣ್ಣಿಗೆ ಪೂರ್ತಿ ಕಪ್ಪು ಗೊತ್ತಾಗುತ್ತದೆ. ಅರ್ಧ ಮಂಕು ಗೊತ್ತಾಗುವುದಿಲ್ಲ. ಅದಕ್ಕೆ ಅಣ್ಣನ ಹತ್ತಿರ ಒಂದು ಉಪಾಯ ಇತ್ತು. ನಮ್ಮ ಮನೆಯ ಹಳೆಯ ಡಬ್ಬಿ ಟಿವಿ. ಅದು ಚಿತ್ರವನ್ನು ಒಂದೊಂದೇ ಗೆರೆಯಾಗಿ ಮೇಲಿನಿಂದ ಕೆಳಕ್ಕೆ ಬರೆಯುತ್ತದೆ. 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಶಟರ್ ಮೂಲಕ ಟಿವಿ ನೋಡುತ್ತಾ 1/1000ದಲ್ಲಿ ಕ್ಲಿಕ್ ಮಾಡಿದರೆ ಸುಮಾರು 16 ಗೆರೆಗಳಷ್ಟು ದಪ್ಪದ ಪಟ್ಟಿ ಕಾಣುತ್ತದೆ. ಪರದೆ ಪಕ್ಕಕ್ಕೆ ಓಡುವುದರಿಂದ ಪಟ್ಟಿ ಓರೆಯಾಗಿರುತ್ತದೆ. ಆರೋಗ್ಯವಂತ ಕ್ಯಾಮೆರಾದಲ್ಲಿ ಪಟ್ಟಿಯ ದಪ್ಪ ಎರಡೂ ತುದಿಯಲ್ಲಿ ಒಂದೇ. ರೋಗ ಇದ್ದರೆ ಒಂದು ಕಡೆ ಸಣ್ಣಗಾಗುತ್ತಾ ಹೋಗುತ್ತದೆ. ಅಣ್ಣ ಅದನ್ನು ನೋಡಿದ ಕೂಡಲೇ “ಬಾಲ ಸಣ್ಣ ಆಯ್ತು” ಎನ್ನುತ್ತಿದ್ದ. ನಮ್ಮಿಬ್ಬರಿಗೆ ಅದೇ ಪರಿಭಾಷೆ. ಯಾರ ಮನೆಯಲ್ಲಾದರೂ ಇನ್ನೂ ಅಂಥ ಟಿವಿ ನಡೆಯುತ್ತಿದ್ದರೆ ಎಸೆಯಬೇಡಿ. ಈಗಿನ ಚಪ್ಪಟೆ ಟಿವಿಯಲ್ಲಿ ಈ ಪರೀಕ್ಷೆ ಆಗುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಅದು ಮೊದಲ ಕ್ಲಿಕ್.

ವರ್ಷಗಟ್ಟಲೆ ಸುಮ್ನೆ ಇದ್ದ ಕ್ಯಾಮೆರಾದಲ್ಲಿ ಎಣ್ಣೆ, ಗ್ರೀಸ್ ಹೆಪ್ಪುಗಟ್ಟಿರುತ್ತವೆ. ಮೊದಲ ಕೆಲವು ಸಲ ಶಟರ್ ತಡವರಿಸುತ್ತದೆ. ಐವತ್ತು, ನೂರು ಸಲ ಒತ್ತಿದ ಮೇಲೆ ಸಡಿಲವಾಗುತ್ತದೆ. ಆಗ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಎರಡು ವಾರ ಬಿಟ್ಟು ನೋಡಿದರೆ ಮತ್ತೆ ಅದೇ ಕತೆ. ಮಾರುವವರು ಮೋಸ ಮಾಡಲೆಂದೇ ಹೀಗೆ ಮಾಡಬೇಕಿಲ್ಲ. ಬಂದವರಿಗೆಲ್ಲ ತೋರಿಸುತ್ತಾ ಕ್ಲಿಕ್ ಮಾಡಿರುತ್ತಾರೆ, ಅಷ್ಟಕ್ಕೇ ಅದು ಸಡಿಲವಾಗಿರುತ್ತದೆ. ನಾವು ಕೈಗೆ ತೆಗೆದುಕೊಳ್ಳುವಾಗ ಅದು ತನ್ನ ಒಳ್ಳೆಯ ಮುಖ ತೋರಿಸುತ್ತದೆ.

ಆದ್ದರಿಂದ ಮಾರುವವರಿಗೆ ಮೊದಲೇ ಹೇಳಿ: ನಾನು ಬರುವವರೆಗೆ ಎರಡು ಮೂರು ದಿನ ಇದನ್ನು ಮುಟ್ಟಬೇಡಿ. ಹೋದ ಮೇಲೆ ಬೇರೆ ಏನೂ ಮಾಡುವ ಮೊದಲು 1 ಸೆಕೆಂಡಿಗೆ ಇಟ್ಟು ಒತ್ತಿ. ಎರಡನೆಯದು 1/1000ದಲ್ಲಿ, ಹಿಂಬಾಗಿಲು ತೆರೆದು. ಈ ಎರಡು ಕ್ಲಿಕ್ ಹೇಳುವಷ್ಟು ಸತ್ಯವನ್ನು ಆಮೇಲಿನ ನೂರು ಕ್ಲಿಕ್ ಹೇಳುವುದಿಲ್ಲ. ಚಳಿಯ ದಿನ, ಬೆಳಗಿನ ಹೊತ್ತು ನೋಡಿದರೆ ಇನ್ನೂ ಒಳ್ಳೆಯದು. ತಣ್ಣಗಿದ್ದಾಗ ಎಣ್ಣೆ ಇನ್ನಷ್ಟು ಗಟ್ಟಿ.

ಇದೇ ಕಾರಣಕ್ಕೆ, ಜಾಹೀರಾತಿನಲ್ಲಿ ‘ಜಾಸ್ತಿ ಬಳಸಿಲ್ಲ, ಬೀರುವಿನಲ್ಲೇ ಇತ್ತು’ ಎಂದು ಓದಿದರೆ ನನಗೆ ಖುಷಿಯಾಗುವುದಿಲ್ಲ. 30 ವರ್ಷ ಬೀರುವಿನಲ್ಲಿದ್ದ ಕ್ಯಾಮೆರಾಗಿಂತ ಅಂಚಿನ ಬಣ್ಣ ಹೋದ, ತಿಂಗಳಿಗೊಂದು ರೋಲ್ ಓಡಿಸಿದ, ಕಾಲಕಾಲಕ್ಕೆ ಸರ್ವಿಸ್ ಆದ ಕ್ಯಾಮೆರಾವನ್ನೇ ನಾನು ಆರಿಸುತ್ತೇನೆ. ಮೈ ಮೇಲಿನ ಗೀರು ಚಿತ್ರದಲ್ಲಿ ಬರುವುದಿಲ್ಲ.

ನಿಧಾನ ಸ್ಪೀಡುಗಳಲ್ಲಿ ಮಾತ್ರ ಕಿವಿ ಸಹಾಯಕ್ಕೆ ಬರುತ್ತದೆ. ಯಾಂತ್ರಿಕ ಕ್ಯಾಮೆರಾಗಳಲ್ಲಿ 1 ಸೆಕೆಂಡಿನಿಂದ ಸುಮಾರು 1/15ರವರೆಗೆ ಹೊತ್ತು ಅಳೆಯುವುದು ಗಡಿಯಾರದಂಥ ಹಲ್ಲುಚಕ್ರಗಳ ಸಾಲು. ಅದು ಓಡುವುದು ಕೇಳುತ್ತದೆ, ಸಣ್ಣಗೆ ಜ್‌ಝ್‌ಝ್ ಎಂದು. ಆ ಸದ್ದು ಒಂದೇ ಸಮ ಇರಬೇಕು. ನಡುವೆ ಏದುಸಿರು ಬಿಟ್ಟಂತೆ ನಿಂತು ಮುಂದುವರಿದರೆ, ಅಥವಾ ಅಲ್ಲೇ ನಿಂತು ಕನ್ನಡಿ ಮೇಲೆಯೇ ಉಳಿದರೆ ಗ್ರೀಸ್ ಒಣಗಿದೆ ಎಂದರ್ಥ. 1 ಸೆಕೆಂಡು, ಅರ್ಧ, ಕಾಲು ಎಂದು ಸಾಲಾಗಿ ಒತ್ತುತ್ತಾ ಬಂದರೆ ಪ್ರತಿ ಸಲ ಅರ್ಧಕ್ಕೆ ಇಳಿಯುವುದು ಕೇಳಬೇಕು. ಪಕ್ಕಪಕ್ಕದ ಎರಡು ಸ್ಪೀಡುಗಳು ಒಂದೇ ಥರ ಕೇಳಿದರೆ ಅನುಮಾನಪಡಿ.

ಇಲ್ಲಿ ನಿಮ್ಮ ಫೋನ್ ಒಳ್ಳೆಯ ಜೊತೆಗಾರ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನ್ ಇದ್ದರೆ ಹಿಂದಿನಿಂದ ಶಟರನ್ನು ಚಿತ್ರೀಕರಿಸಿ, ಆಮೇಲೆ ತೆರೆದಿದ್ದ ಫ್ರೇಮುಗಳನ್ನು ಎಣಿಸಿ. 1 ಸೆಕೆಂಡಿಗೆ 240. ಕಾಲು ಸೆಕೆಂಡಿಗೆ 60. 1/15ಕ್ಕೆ 16. 1/30ಕ್ಕೆ 8. 1/60ಕ್ಕೆ 4. ಅದಕ್ಕಿಂತ ವೇಗದ್ದನ್ನು ಇದರಲ್ಲಿ ನಂಬಬೇಡಿ. 1/500 ಅಂದರೆ ಒಂದು ಫ್ರೇಮಿನ ಅರ್ಧವೂ ಆಗುವುದಿಲ್ಲ. 960 ಎಂದು ಬರೆದುಕೊಂಡಿರುವ ಕೆಲವು ಫೋನುಗಳು ನಡುವಿನ ಫ್ರೇಮುಗಳನ್ನು ತಾವೇ ಕಲ್ಪಿಸಿ ತುಂಬುತ್ತವೆ. ಅಂಥ ಲೆಕ್ಕ ಪ್ರಯೋಜನವಿಲ್ಲ.

ಬಟ್ಟೆ ಪರದೆಗೆ ಇನ್ನೊಂದು ಕಾಯಿಲೆ ಇದೆ, ತೂತು. ಅದು ಬರೀ ಬಟ್ಟೆಯಲ್ಲ. ಬೆಳಕು ತಡೆಯಲು ರಬ್ಬರ್ ಬಳಿದಿರುತ್ತಾರೆ. ರಬ್ಬರ್ ಹಳೆಯದಾದಂತೆ ಒಣಗಿ ಬಿರುಕು ಬಿಡುತ್ತದೆ. ಕನ್ನಡಿಯಿಲ್ಲದ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮುಚ್ಚಳ ಹಾಕದೆ ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ ಲೆನ್ಸ್ ಭೂತಗನ್ನಡಿಯ ಹಾಗೆ ಕೆಲಸ ಮಾಡಿ ಪರದೆಯನ್ನೇ ಸುಡುತ್ತದೆ. ಹಳೆಯ ಲೈಕಾ, ಫೆಡ್, ಜೋರ್ಕಿ ಹಿಡಿದವರಿಗೆ ಇದು ಗೊತ್ತು. ನೋಡುವುದು ಸುಲಭ. ಲೆನ್ಸ್ ಬಿಚ್ಚಿ, ಕತ್ತಲೆ ಕೋಣೆಗೆ ಹೋಗಿ, ಮುಂದಿನಿಂದ ಫೋನಿನ ಟಾರ್ಚ್ ಬಿಡಿ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಅಡ್ಡ ಬರುತ್ತದೆ, ಆದ್ದರಿಂದ ಟಾರ್ಚನ್ನು ಹಿಂದೆ ಹಿಡಿದು ಮುಂದಿನಿಂದ ಕನ್ನಡಿಯನ್ನು ಬೆರಳಿನಲ್ಲಿ ಅಂಚು ಹಿಡಿದು ಮೆಲ್ಲಗೆ ಎತ್ತಿ ನೋಡಿ. ತೂತಿದ್ದರೆ ನಕ್ಷತ್ರದ ಹಾಗೆ ಹೊಳೆಯುತ್ತದೆ. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯುವ ಮೊದಲು ಒಮ್ಮೆ, ಎಳೆದ ಮೇಲೆ ಒಮ್ಮೆ ನೋಡಬೇಕು. ಮುಂದೆ ಬಂದು ನಿಲ್ಲುವ ಪರದೆ ಎರಡು ಸಲವೂ ಬೇರೆ ಬೇರೆ.

ಜೋರ್ಕಿ, ಫೆಡ್ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ. ಇಂಥ ಸೋವಿಯತ್ ಕ್ಯಾಮೆರಾಗಳಲ್ಲಿ ಮೊದಲು ವೈಂಡ್ ಮಾಡಿ (ಫಿಲ್ಮ್ ಮುಂದೆ ಸರಿಸಿ), ಆಮೇಲೆ ಸ್ಪೀಡ್ ಬದಲಾಯಿಸಿ. ವೈಂಡ್ ಮಾಡದೆ ಡಯಲ್ ತಿರುಗಿಸಿದರೆ ಒಳಗಿನ ಭಾಗ ಹಾಳಾಗಬಹುದು. ಪರೀಕ್ಷೆ ಮಾಡಲು ಹೋಗಿ ಬೇರೆಯವರ ಕ್ಯಾಮೆರಾ ಕೆಡಿಸಬಾರದು, ಅಲ್ವಾ.

ಲೋಹದ ಹಲಗೆಗಳನ್ನು ಬೆರಳಿನಿಂದ ಮುಟ್ಟಲೇಬೇಡಿ. ಅವು ಕಾಗದದಷ್ಟು ತೆಳು. ಒಂದು ಸಣ್ಣ ಮಡಿಕೆ ಬಿದ್ದರೂ ಕತೆ ಮುಗಿಯಿತು. ಸುಮ್ಮನೆ ಓರೆ ಬೆಳಕಿನಲ್ಲಿ ನೋಡಿ. ಎಣ್ಣೆಯ ಕಲೆ, ಕಪ್ಪು ಅಂಟು ಇದೆಯೇ ನೋಡಿ. ಆಟೋಫೋಕಸ್ ಕಾಲದ ಕೆಲವು ಕ್ಯಾಮೆರಾಗಳಲ್ಲಿ ಶಟರ್ ಬಡಿದು ನಿಲ್ಲುವ ಜಾಗದ ಸ್ಪಂಜು ಕರಗಿ ಹಲಗೆಗಳಿಗೆ ಟಾರಿನ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಕಂಡರೆ ಬಿಟ್ಟುಬಿಡಿ, ಅಥವಾ ಸರ್ವಿಸ್ ಖರ್ಚು ಲೆಕ್ಕ ಹಾಕಿಕೊಂಡೇ ಕೊಳ್ಳಿ.

ಯಾಶಿಕಾ ಮ್ಯಾಟ್, ರೋಲೈಫ್ಲೆಕ್ಸ್ ಥರದ ಕ್ಯಾಮೆರಾಗಳಲ್ಲಿ ಶಟರ್ ಲೆನ್ಸಿನೊಳಗೇ ಇರುತ್ತದೆ. ಸಣ್ಣ ಎಲೆಗಳು ಹೂವಿನ ಹಾಗೆ ಅರಳಿ ಮುಚ್ಚುತ್ತವೆ. ಎಲೆಗಳ ಮೇಲೆ ಎಣ್ಣೆ ಬಂದಿದ್ದರೆ ಒಂದಕ್ಕೊಂದು ಅಂಟಿ ಅರ್ಧಕ್ಕೇ ನಿಲ್ಲುತ್ತವೆ. ಮುಂದಿನಿಂದ ನೋಡಿದರೆ ಸಾಕು. ಒಂದೇ ಒಂದು ಮಾತು: ಹಳೆಯ ಎಲೆ ಶಟರ್‌ನಲ್ಲಿ ಸೆಲ್ಫ್ ಟೈಮರ್ ಪರೀಕ್ಷಿಸಬೇಡಿ. ಅದು ನಡುವೆ ಸಿಕ್ಕಿಕೊಂಡರೆ ಇಡೀ ಶಟರ್ ನಿಂತುಹೋಗುತ್ತದೆ.

ಬ್ಯಾಟರಿ ವಿಷಯ. 1976ರಲ್ಲಿ ಬಂದ ಕ್ಯಾನನ್ ಎಇ-1 ಬ್ಯಾಟರಿ ಇಲ್ಲದೆ ಕ್ಲಿಕ್ ಆಗುವುದೇ ಇಲ್ಲ. ಅದೇ ವರ್ಷದ ಪೆಂಟಾಕ್ಸ್ ಕೆ1000ಕ್ಕೆ, 1982ರ ನಿಕಾನ್ ಎಫ್‌ಎಂ2ಗೆ ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಎಲ್ಲ ಸ್ಪೀಡೂ ಅದಿಲ್ಲದೆ ನಡೆಯುತ್ತದೆ. ಯಾಶಿಕಾ ಎಲೆಕ್ಟ್ರೊ 35 ಬ್ಯಾಟರಿ ಇಲ್ಲದೆಯೂ ಕ್ಲಿಕ್ ಎನ್ನುತ್ತದೆ, ಆದರೆ ಯಾವಾಗಲೂ ಒಂದೇ ವೇಗದ ಸ್ಪೀಡಿನಲ್ಲಿ. ಕೊಳ್ಳುವ ಕ್ಯಾಮೆರಾಗೆ ಯಾವ ಬ್ಯಾಟರಿ ಬೇಕೆಂದು ತಿಳಿದುಕೊಂಡು, ಹೊಸದನ್ನು ಜೊತೆಯಲ್ಲೇ ಒಯ್ಯಿರಿ. ‘ಬ್ಯಾಟರಿ ಇಲ್ಲ, ಹಾಕಿದರೆ ಓಡುತ್ತೆ’ ಎಂಬ ಮಾತಿಗೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಆದ ಮೇಲೂ ಕೊನೆಯ ತೀರ್ಪು ಒಂದು ರೋಲ್ ಫಿಲ್ಮಿನದ್ದೇ. ಸಾಧ್ಯವಾದರೆ ಮಾರುವವರ ಹತ್ತಿರ ಒಂದು ರೋಲ್ ಮುಗಿಯುವವರೆಗೆ ಹಿಂದಿರುಗಿಸುವ ಅವಕಾಶ ಕೇಳಿ. ಆ ರೋಲನ್ನು ಮುಖ್ಯವಾದ ಯಾವ ದಿನಕ್ಕೂ ಬಳಸಬೇಡಿ. ಮೋಡ ಮುಚ್ಚಿದ ಆಕಾಶ, ಅಥವಾ ಒಂದೇ ಬಣ್ಣದ ಗೋಡೆ ಸಾಕು. ಮಸುಕಾದ ಬೆಳಕಿನಲ್ಲಿ 1/125ಕ್ಕೆ ಅಪರ್ಚರ್ ಎಫ್ 5.6 ಸರಿ ಬಂತು ಎಂದುಕೊಳ್ಳಿ. ಆಗ 1/250ಕ್ಕೆ ಎಫ್ 4, 1/500ಕ್ಕೆ ಎಫ್ 2.8, 1/1000ಕ್ಕೆ ಎಫ್ 2. ಈ ಕಡೆ 1/60ಕ್ಕೆ ಎಫ್ 8, 1/30ಕ್ಕೆ ಎಫ್ 11, 1/15ಕ್ಕೆ ಎಫ್ 16. ಫಿಲ್ಮಿಗೆ ಬೀಳುವ ಬೆಳಕು ಎಲ್ಲದರಲ್ಲೂ ಒಂದೇ. ಪ್ರತಿಯೊಂದರಲ್ಲೂ ಎರಡೆರಡು ತೆಗೆದು ಕ್ರಮವಾಗಿ ಬರೆದಿಡಿ.

ಆಮೇಲೆ ಲ್ಯಾಬಿನಿಂದ ಬಂದ ಸ್ಕ್ಯಾನ್ ನೋಡಿ ತೀರ್ಮಾನ ಮಾಡಬೇಡಿ. ಇದನ್ನು ಯಾರೂ ಹೇಳುವುದಿಲ್ಲ, ನಾನು ಒತ್ತಿ ಹೇಳುತ್ತೇನೆ. ಸ್ಕ್ಯಾನರ್ ಪ್ರತಿ ಚಿತ್ರವನ್ನೂ ತಾನೇ ತಿದ್ದಿ ಕೊಡುತ್ತದೆ. ಮಂಕಾದದ್ದನ್ನು ಬೆಳಗಿಸುತ್ತದೆ, ಬಿಳಿಚಿದ್ದನ್ನು ಇಳಿಸುತ್ತದೆ. ಶಟರಿನ ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ. ನೆಗೆಟಿವ್ ಕೇಳಿ ತೆಗೆದುಕೊಳ್ಳಿ. ಬೆಳಕಿಗೆ ಹಿಡಿಯಿರಿ. ಎಲ್ಲ ಚೌಕಗಳ ಕಪ್ಪೂ ಒಂದೇ ಸಮ ಇರಬೇಕು. ಒಂದೇ ಚೌಕದಲ್ಲಿ ಈ ತುದಿಗೂ ಆ ತುದಿಗೂ ಒಂದೇ ಸಮ ಇರಬೇಕು. ನೆಗೆಟಿವ್‌ನಲ್ಲಿ ಎಲ್ಲ ತಲೆಕೆಳಗು ಎಂಬುದು ನೆನಪಿರಲಿ. ಬೆಳಕು ಬೀಳದ ಜಾಗ ಪಾರದರ್ಶಕವಾಗಿ ಕಾಣುತ್ತದೆ. ಕೊನೆಯ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಇದ್ದರೆ ಎರಡನೆಯ ಪರದೆ ಬಡಿದು ಹಿಂದಕ್ಕೆ ಪುಟಿಯುತ್ತಿದೆ ಎಂದರ್ಥ.

ಸ್ವಲ್ಪ ಏರುಪೇರಿಗೆ ಹೆದರಬೇಡಿ. ಅಷ್ಟು ಹಳೆಯ ಕ್ಯಾಮೆರಾದಲ್ಲಿ 1/1000 ಅನ್ನುವುದು 1/700 ಬಂದರೂ ಬರೀ ಅರ್ಧ ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು). ಬಣ್ಣದ ನೆಗೆಟಿವ್ ಫಿಲ್ಮ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸ್ಲೈಡ್ ಫಿಲ್ಮ್ ಹಾಕುವವರು ಮಾತ್ರ ಯೋಚಿಸಬೇಕು. ಬಿಡಬೇಕಾದ ಕ್ಯಾಮೆರಾ ಯಾವುದೆಂದರೆ, ಚೌಕಟ್ಟಿನ ಎರಡು ತುದಿಗೆ ಬೇರೆ ಬೇರೆ ಬೆಳಕು ಬೀಳುವುದು, ಮತ್ತು ಇವತ್ತು ಒಂದು ನಾಳೆ ಒಂದು ಥರ ನಡೆಯುವುದು. ಒಂದೇ ಸಮ ನಿಧಾನವಾಗಿದ್ದರೆ ಲೆಕ್ಕ ಹಾಕಿ ಹೊಂದಿಸಿಕೊಳ್ಳಬಹುದು. ಮನಸ್ಸು ಬಂದಂತೆ ನಡೆಯುವುದನ್ನು ಹೊಂದಿಸಲಾಗುವುದಿಲ್ಲ.

ರಿಪೇರಿ ಮಾಡುವವರಲ್ಲೂ ಒಂದು ವಿನಂತಿ. ಪರದೆ ನಿಧಾನವಾಗಿದೆ ಎಂದು ಸ್ಪ್ರಿಂಗ್ ಬಿಗಿ ಮಾಡಿ ಕೊಟ್ಟುಬಿಡಬೇಡಿ. ಹಾಗೆ ಮಾಡಿದರೆ ಆ ದಿನಕ್ಕೆ ಸರಿ ಕಾಣುತ್ತದೆ. ಹಳೆಯ ಎಣ್ಣೆ ಒಳಗೇ ಇರುತ್ತದೆ, ಸವೆತ ಜಾಸ್ತಿಯಾಗುತ್ತದೆ. ಮೊದಲು ಬಿಚ್ಚಿ ತೊಳೆದು, ಹೊಸ ಎಣ್ಣೆ ಹನಿಸಿ, ಆಮೇಲೆ ಹೊಂದಿಸಬೇಕು. ಅಣ್ಣ ಒಂದು ಕ್ಯಾಮೆರಾಗೆ ನಾಲ್ಕು ಸಂಜೆ ಕೂರುತ್ತಿದ್ದ. ಎಣ್ಣೆ ಹನಿಸುತ್ತಿದ್ದದ್ದು ಸೂಜಿಯ ತುದಿಯಲ್ಲಿ. ಮನೆಯಲ್ಲಿ ಯಾರೂ ಹೊಲಿಗೆ ಯಂತ್ರದ ಎಣ್ಣೆ ಸುರಿಯುವ ಸಾಹಸ ಮಾಡಬೇಡಿ.

ಹಳೆಯ ಕ್ಯಾಮೆರಾ ಮಾರುವವರು ‘ವರ್ಕಿಂಗ್ ಕಂಡಿಷನ್’ ಎಂದು ಎರಡು ಪದ ಬರೆಯುವ ಬದಲು ಮೂರು ವಿಷಯ ಬರೆಯಲಿ ಎಂಬುದು ನನ್ನ ಕೋರಿಕೆ. ಹಿಂಬಾಗಿಲು ತೆರೆದು ಅತಿ ವೇಗದ ಸ್ಪೀಡ್ ನೋಡಿದ್ದೀರಾ? ಕೊನೆಯ ಸಲ ಇದರಲ್ಲಿ ಫಿಲ್ಮ್ ಓಡಿದ್ದು ಯಾವಾಗ? ಶಟರ್ ತೊಳೆದು ಸರ್ವಿಸ್ ಆದದ್ದು ಯಾವಾಗ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಲಿ. ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳುವವರು ಕೊಳ್ಳುತ್ತಾರೆ. ನಮ್ಮ ಹುಡುಗಿಗೆ ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಕ್ಲಿಕ್ ಸದ್ದಿಗಿಂತ ಹೆಚ್ಚು ಗೊತ್ತಿರಲಿಲ್ಲ ಎಂದೇ ಅನಿಸುತ್ತದೆ. ಆದರೆ ಏಳು ಗೆಳತಿಯರ ಆ ಮಧ್ಯಾಹ್ನ ಮತ್ತೆ ಬರುವುದಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಅವಳ ಕ್ಯಾಮೆರಾವನ್ನು ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ಕೊಟ್ಟು ಪೂರ್ತಿ ತೊಳೆಸಿದೆವು. ಮರಳಿ ಬಂದ ಮೇಲೆ ಒಂದು ವಾರ ಹಾಗೇ ಇಟ್ಟು, ಮೊದಲ ಕ್ಲಿಕ್ಕನ್ನೇ ಅಳೆದೆ. 1/1000ದಲ್ಲಿ ಒಂದು ತುದಿ 1/850, ನಡುವೆ 1/870, ಇನ್ನೊಂದು ತುದಿ 1/900. ಅಣ್ಣನಿಗೆ ಓದಿ ಹೇಳಿದೆ. “ಬಾಲ ಸರಿ ಆಯ್ತು” ಎಂದ. ಪರೀಕ್ಷೆಗೆಂದು ತೆಗೆದ ಆಕಾಶದ ಚಿತ್ರಗಳ ರೋಲ್ ಈಗಲೂ ನಮ್ಮ ಕಿಟಕಿಗೆ ಅಂಟಿಸಿದೆ.

ಲೇಖನದ ಆ ಒಂದು ಸಲಹೆಯನ್ನು ಮುಂದಿನ ಪುರವಣಿಯಲ್ಲಿ ತಿದ್ದಿ ಹಾಕಿದರೆ ದೊಡ್ಡ ಉಪಕಾರವಾಗುತ್ತದೆ. ನಾಳೆ ಅವಳ ಗೆಳತಿಯೊಬ್ಬಳು ಕ್ಯಾಮೆರಾ ನೋಡಲು ಹೋಗುತ್ತಿದ್ದಾಳೆ. ಇವಳೂ ಜೊತೆಗೆ ಹೊರಟಿದ್ದಾಳೆ. ಮಾರುವವರಿಗೆ ಮೂರು ದಿನದ ಹಿಂದೆಯೇ ಫೋನ್ ಮಾಡಿ, ನಾವು ಬರುವವರೆಗೆ ಒಂದೂ ಕ್ಲಿಕ್ ಮಾಡಬೇಡಿ ಎಂದು ಹೇಳಿಟ್ಟಿದ್ದಾಳೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಪ್ರಯೋಗಾಲಯ ಸಹಾಯಕಿ